ತುಂಬಿದ ದೋಣಿ ಎಷ್ಟು ಮುಳುಗುತ್ತದೆ? ಕಾಳಿ ಅಳಿವೆಗೆ ಸಣ್ಣ ದೋಣಿ ಆರಿಸುವ ಬಗ್ಗೆ

ಓದುಗರ ಪ್ರಶ್ನೆ: "ಸರ್, ನಾನು ಸದಾಶಿವಗಡದವನು. ಮಸ್ಕತ್‌ನಲ್ಲಿ ಕೆಲಸ ಬಿಟ್ಟು ಊರಿಗೆ ಬಂದಿದ್ದೇನೆ. ನಾನು, ನನ್ನ ಭಾವ ಸೇರಿ ಒಂದು ಸಣ್ಣ ದೋಣಿ ಕೊಳ್ಳಬೇಕು ಅಂತಿದ್ದೇವೆ. ಹೆಚ್ಚಿನ ದಿನ ಕಾಳಿ ಅಳಿವೆಯಲ್ಲಿ, ಸಮುದ್ರ ಶಾಂತವಿದ್ದಾಗ ಕಾರವಾರ ಕೊಲ್ಲಿಯಲ್ಲಿ ಕೂರ್ಮಗಡ ದ್ವೀಪದ ಈಚೆಗೆ ಮೀನು ಹಿಡಿಯುವ ಯೋಚನೆ. ಗಿಲ್‌ನೆಟ್, ಏಡಿ ಬಲೆ, ಬೀಸುಬಲೆ, ಒಂದೆರಡು ಗಾಳ, ಇಷ್ಟೇ. ಇಳಿತದ ಹೊತ್ತಿಗೆ ಮರಳುದಿಣ್ಣೆಗಳ ಮೇಲೆ ಮೊಣಕಾಲುದ್ದ ನೀರೂ ಇರುವುದಿಲ್ಲ. ಹಾಗಾಗಿ ಕಡಿಮೆ ನೀರಲ್ಲಿ ಹೋಗುವ ದೋಣಿ ಬೇಕು. ಮೂರು ನೋಡಿದ್ದೇವೆ. ಒಂದು, 14 ಅಡಿ ಉದ್ದ, 5 ಅಡಿ ಅಗಲದ ಹೊಸ ಫೈಬರ್ ದೋಣಿ. ತಳ ಪೂರ್ತಿ ಚಪ್ಪಟೆ. ಐದು ಇಂಚು ನೀರಿದ್ದರೆ ಸಾಕು ಅಂತಾರೆ ಮಾರುವವರು. ಎರಡು, ಕೆಲವು ವರ್ಷ ಓಡಿಸಿದ 20 ಅಡಿಯ ಫೈಬರ್ ನಾಡದೋಣಿ. ಅಗಲ ನಾಲ್ಕೂಕಾಲು ಅಡಿ, ತಳ ಸ್ವಲ್ಪ ದುಂಡು, 9.9 ಎಚ್‌ಪಿ ಔಟ್‌ಬೋರ್ಡ್ ಇಂಜಿನ್ ಇದೆ. ಮೂರು, ಯೂಟ್ಯೂಬ್‌ನಲ್ಲಿ ಅಮೆರಿಕದವರು ಓಡಿಸುವ ಹಾಗೆ ತಳದಲ್ಲಿ ಸುರಂಗ ಇರುವ ದೋಣಿ ಮಾಡಿಸಿ 40 ಎಚ್‌ಪಿ ಇಂಜಿನ್ ಹಾಕಿಸುವುದು. ಭಾವ ಚಪ್ಪಟೆ ತಳದ್ದೇ ಇರಲಿ, ಅದು ಮಗುಚುವುದಿಲ್ಲ ಅನ್ನುತ್ತಾರೆ. ನನಗೆ ಮೂರನೆಯದರ ಮೇಲೆ ಮನಸ್ಸು. ಯಾವುದು ಸರಿ?"

ನಿಮ್ಮ ಪತ್ರದಲ್ಲಿ ಎರಡು ಚಿಂತೆ ಇವೆ. ದಿಣ್ಣೆ ಮೇಲೆ ಸಿಕ್ಕಿಹಾಕಿಕೊಳ್ಳುವ ಚಿಂತೆ ನಿಮ್ಮದು. ಮಗುಚುವ ಚಿಂತೆ ಭಾವನದು. ಮಾರುವವರು ಮಾತಾಡುವುದು ಮೊದಲನೆಯದರ ಬಗ್ಗೆ ಮಾತ್ರ, ಯಾಕಂದರೆ ಅದಕ್ಕೆ ಒಂದು ಚಂದದ ಅಂಕಿ ಹೇಳಬಹುದು: ಐದು ಇಂಚು. ದಿಣ್ಣೆ ಮೇಲೆ ಕೂತರೆ ನಿಮಗೆ ನಷ್ಟ ಎರಡು ಮೂರು ತಾಸು. ಇನ್ನೊಂದರಲ್ಲಿ ಹೋಗುವುದು ಜೀವ. ಸಣ್ಣ ದೋಣಿಗಳ ವಿನ್ಯಾಸ ಮತ್ತು ತಪಾಸಣೆಯೇ ನನ್ನ ಕೆಲಸ. ಆ ಅನುಭವದಿಂದ ಹೇಳುವುದಾದರೆ, ದೋಣಿಯನ್ನು ಆರಿಸಬೇಕಾದದ್ದು ಕಡಿಮೆ ನೀರಿರುವ ಜಾಗಕ್ಕಲ್ಲ, ತುಂಬಿಕೊಂಡು ವಾಪಸ್ ಬರುವ ದಾರಿಗೆ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಮೂರರಲ್ಲಿ ಎರಡನೆಯದು, ಅದೂ ಕೆಳಗೆ ಹೇಳುವ ಪರೀಕ್ಷೆಗಳಲ್ಲಿ ಪಾಸಾದರೆ. ನೀವು ಕಾಳಿ ಸೇತುವೆಯಿಂದ ಕೆಳಕ್ಕೆ, ಸಮುದ್ರದ ಕಡೆ ಇಳಿಯುವುದೇ ಇಲ್ಲ, ಕಡವಾಡ, ಕಿನ್ನರದ ಕಡೆ ಹೊಳೆಯಲ್ಲೇ ಇರುತ್ತೀರಿ ಅಂತಾದರೆ ಮೊದಲನೆಯದು ಒಳ್ಳೆಯ ದೋಣಿಯೇ. ಮೂರನೆಯದು ನಿಮ್ಮ ನೀರಿಗೆ ಹೊಂದುವುದಿಲ್ಲ.

ಐದು ಇಂಚಿನ ಲೆಕ್ಕ

ಮಾರುವವರು ಸುಳ್ಳು ಹೇಳಿಲ್ಲ. ಖಾಲಿ ದೋಣಿ, ಇಂಜಿನ್ ಎತ್ತಿಟ್ಟು, ಒಳಗೆ ಯಾರೂ ಇಲ್ಲದೆ ನಿಂತಾಗ ಐದು ಇಂಚಿಗಿಂತ ಕಡಿಮೆ ನೀರಲ್ಲೂ ತೇಲುತ್ತದೆ. ಆದರೆ ಖಾಲಿ ದೋಣಿಯಲ್ಲಿ ಯಾರು ಮೀನು ಹಿಡಿಯುತ್ತಾರೆ?

ನಿಮ್ಮದೇ ಹೊರೆ ಹಾಕಿ ನೋಡೋಣ. ಇಬ್ಬರು ಗಂಡಸರು 140 ಕೆಜಿ. ಇಂಜಿನ್ ಸುಮಾರು 40. ಎಣ್ಣೆ, ಕ್ಯಾನ್ ಸೇರಿ 20. ಬಲೆ ಒಣಗಿದ್ದಾಗ ಹಗುರ, ಒದ್ದೆಯಾದ ಮೇಲೆ 70 ಹಿಡಿಯಿರಿ. ಮಂಜುಗಡ್ಡೆ ಹಾಕಿದ ಪೆಟ್ಟಿಗೆ 60. ಒಳ್ಳೆ ದಿನವಾದರೆ ಮೀನು, ಏಡಿ 60. ಲಂಗರು, ಹಗ್ಗ, ಹುಟ್ಟು, ಬಿದಿರು ಗಳ 20. ಒಟ್ಟು 410 ಕೆಜಿ. ಇದು ಜಾಸ್ತಿ ಹೊರೆಯೇನಲ್ಲ, ಇಬ್ಬರ ಸಾಮಾನ್ಯ ಮೀನುಗಾರಿಕೆ.

ಇನ್ನು ನೀರಿನ ಲೆಕ್ಕ. ದೋಣಿಯ ತಳ ನೀರಿನ ಮಟ್ಟದಲ್ಲಿ ಎಷ್ಟು ಚದರ ಮೀಟರ್ ಜಾಗ ಹಿಡಿಯುತ್ತದೋ, ಅಷ್ಟನ್ನು ಹತ್ತರಿಂದ ಗುಣಿಸಿ. ಅಷ್ಟು ಕೆಜಿ ಹಾಕಿದರೆ ದೋಣಿ ಒಂದು ಸೆಂ.ಮೀ. ಇಳಿಯುತ್ತದೆ. ಉಪ್ಪುನೀರಲ್ಲಿ ಚೂರು ಕಡಿಮೆ ಇಳಿಯುತ್ತದೆ, ಆ ವ್ಯತ್ಯಾಸ ಬಿಟ್ಟುಬಿಡಿ. 14 ಅಡಿಯ ಚಪ್ಪಟೆ ದೋಣಿಗೆ ಈ ಜಾಗ ಸುಮಾರು 5 ಚದರ ಮೀಟರ್. ಅಂದರೆ 50 ಕೆಜಿಗೆ ಒಂದು ಸೆಂ.ಮೀ. ದೋಣಿಯ ತೂಕ 150 ಅಂತಿಟ್ಟುಕೊಂಡರೆ ಹೊರೆ ಸೇರಿ 560 ಕೆಜಿ. ಹನ್ನೊಂದು ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿ ಮುಳುಗುತ್ತದೆ. 20 ಅಡಿಯ ದೋಣಿ ಇದೇ ಹೊರೆಗೆ, ತಳ ದುಂಡಗಿರುವುದರಿಂದ, 18 ಸೆಂ.ಮೀ. ಆಸುಪಾಸು ಮುಳುಗಬಹುದು. ವ್ಯತ್ಯಾಸ ಆರೇಳು ಸೆಂ.ಮೀ.

ಈಗ ಇಂಜಿನ್ ಇಳಿಸಿ. ಔಟ್‌ಬೋರ್ಡ್ ಇಂಜಿನ್ನಿನ ಫ್ಯಾನಿನ ಮೇಲೆ ಒಂದು ಅಗಲವಾದ ತಗಡಿನ ಹಾಗೆ ಚಾಚಿಕೊಂಡಿರುತ್ತದಲ್ಲ, ಅದು ದೋಣಿಯ ತಳದ ಮಟ್ಟಕ್ಕೆ ಬರಬೇಕು. ಅಲ್ಲಿಂದ ಕೆಳಗೆ ಫ್ಯಾನು, ಅದರ ಕೆಳಗಿನ ರೆಕ್ಕೆ, ಎಲ್ಲ ಸೇರಿ ಇನ್ನೊಂದು 25ರಿಂದ 30 ಸೆಂ.ಮೀ. ಹಾಗಾಗಿ ಇಂಜಿನ್ ಓಡಬೇಕಾದರೆ ಚಪ್ಪಟೆ ದೋಣಿಗೆ 40 ಸೆಂ.ಮೀ. ನೀರು ಬೇಕು, ಉದ್ದ ದೋಣಿಗೆ 45ರಿಂದ 50. ಎರಡೂ ಮೊಣಕಾಲುದ್ದವೇ. ಅದಕ್ಕಿಂತ ಕಡಿಮೆ ನೀರಲ್ಲಿ ಎರಡರಲ್ಲೂ ಇಂಜಿನ್ ಎತ್ತಿ ಗಳ ಹಾಕಿಯೇ ದೂಡಬೇಕು. ಐದು ಇಂಚಿನ ಜಾಹೀರಾತು ಇಲ್ಲಿಗೆ ಮುಗಿಯಿತು.

ಕಡಿಮೆ ನೀರಲ್ಲಿ ಹೆಚ್ಚಿನವರು ಮಾಡುವ ಒಂದು ಕೆಲಸ ಇದೆ. ದಿಣ್ಣೆ ಹತ್ತಿರ ಬಂತು, ಹಾರಿಸಿಬಿಡೋಣ ಅಂತ ಎಕ್ಸಲರೇಟರ್ ತಿರುಗಿಸುತ್ತಾರೆ. ಆಗುವುದು ಉಲ್ಟಾ. 60 ಸೆಂ.ಮೀ. ನೀರಲ್ಲಿ ಅಲೆ ಓಡುವ ವೇಗವೇ ಗಂಟೆಗೆ ಎಂಟೊಂಬತ್ತು ಕಿ.ಮೀ. ದೋಣಿ ಆ ವೇಗದ ಹತ್ತಿರ ಬರುತ್ತಿದ್ದಂತೆ ತಾನೇ ಎಬ್ಬಿಸಿದ ಅಲೆಯನ್ನು ಹತ್ತಲಾಗದೆ ಮೂತಿ ಎದ್ದು ಹಿಂಭಾಗ ಕೂರುತ್ತದೆ. ಇಂಜಿನ್ ಇರುವುದೂ ಅಲ್ಲೇ. ಹಾಗಾಗಿ ನೀರು ಕಡಿಮೆಯಾದಂತೆ ನಿಧಾನ ಮಾಡಬೇಕು, ಒಬ್ಬರು ಎದ್ದು ಮುಂದಕ್ಕೆ ಹೋಗಿ ಕೂರಬೇಕು. ಇದಕ್ಕೆ ಖರ್ಚಿಲ್ಲ. ಆರೇಳು ಸೆಂ.ಮೀ. ಇದರಲ್ಲೇ ಸಿಗುತ್ತದೆ.

ಇನ್ನೊಂದು ಮಾತು. ಕಾರವಾರದಲ್ಲಿ ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ ಉಬ್ಬರಕ್ಕೂ ಇಳಿತಕ್ಕೂ ನೀರಿನ ಮಟ್ಟದಲ್ಲಿ ಒಂದೂವರೆ ಮೀಟರ್‌ಗೂ ಜಾಸ್ತಿ ವ್ಯತ್ಯಾಸ ಬರುತ್ತದೆ. ಅಷ್ಟಮಿ ಹೊತ್ತಿಗೆ ಅದು ಅರ್ಧದಷ್ಟಾಗಬಹುದು. ಸಮುದ್ರ ದಿನಕ್ಕೆ ಎರಡು ಸಲ 150 ಸೆಂ.ಮೀ. ಕೊಟ್ಟು ವಾಪಸ್ ತೆಗೆದುಕೊಳ್ಳುವ ಜಾಗದಲ್ಲಿ ನೀವು ಏಳು ಸೆಂ.ಮೀ.ಗಾಗಿ ದೋಣಿಯ ಆಕಾರವನ್ನೇ ಬದಲಿಸಲು ಹೊರಟಿದ್ದೀರಿ. ಉಬ್ಬರದ ಹೊತ್ತು ದಿನಕ್ಕೆ ಹೆಚ್ಚುಕಡಿಮೆ 50 ನಿಮಿಷ ಮುಂದೆ ಹೋಗುತ್ತದೆ. ಅದನ್ನು ನೋಡಿಕೊಂಡು ಹೊರಟರೆ ದಿಣ್ಣೆಯ ತೊಂದರೆ ಮುಕ್ಕಾಲು ಪಾಲು ಮುಗಿಯುತ್ತದೆ. ಭರತ, ಅಂದರೆ ಉಬ್ಬರ, ಏರುವಾಗ ದಿಣ್ಣೆ ತಾಗಿದರೆ ಸುಮ್ನೆ ಕೂತಿರಿ, ನೀರೇ ಎತ್ತುತ್ತದೆ. ಇಳಿತದಲ್ಲಿ ತಾಗಿದರೆ ಮಾತ್ರ ತಕ್ಷಣ ಇಳಿದು ದೂಡಬೇಕು. ಹತ್ತು ನಿಮಿಷ ತಡ ಮಾಡಿದರೆ ಮುಂದಿನ ಭರತದವರೆಗೆ ಅಲ್ಲೇ.

ಚಪ್ಪಟೆ ತಳ ಮಗುಚುವುದಿಲ್ಲವೇ?

ಭಾವನ ಮಾತಲ್ಲಿ ಅರ್ಧ ನಿಜ ಇದೆ. ಚಪ್ಪಟೆ, ಅಗಲ ದೋಣಿಯಲ್ಲಿ ಎದ್ದು ನಿಂತು ಬೀಸುಬಲೆ ಹಾಕಿದರೆ ಅದು ಅಲ್ಲಾಡುವುದೇ ಕಡಿಮೆ. ನಾಡದೋಣಿಯಲ್ಲಿ ಮೊದಲ ದಿನ ನಿಂತವರಿಗೆ ಕಾಲು ನಡುಗುತ್ತದೆ. ಜನ ಇದನ್ನೇ ಸುರಕ್ಷತೆ ಅಂದುಕೊಳ್ಳುತ್ತಾರೆ.

ಆದರೆ ಸಣ್ಣ ವಾಲಿಕೆಗೆ ಗಟ್ಟಿಯಾಗಿ ನಿಲ್ಲುವುದು ಬೇರೆ, ದೊಡ್ಡ ವಾಲಿಕೆಯಿಂದ ಎದ್ದು ಬರುವುದು ಬೇರೆ. ಚಪ್ಪಟೆ ದೋಣಿ ಒಂದು ಹಂತದವರೆಗೆ ಜಗ್ಗುವುದಿಲ್ಲ. ಅದರ ಅಂಚು ನೀರಿಗೆ ತಾಗಿದ ಕ್ಷಣದಿಂದ ಅದರ ಬಲವೆಲ್ಲ ಒಮ್ಮೆಲೇ ಹೋಗುತ್ತದೆ. ಮುನ್ಸೂಚನೆಯೇ ಇರುವುದಿಲ್ಲ. ದುಂಡು ತಳದ ದೋಣಿ ಮೊದಲಿನಿಂದಲೂ ವಾಲುತ್ತಾ ಎಚ್ಚರಿಸುತ್ತಿರುತ್ತದೆ, ಆದರೆ ಬದಿ ಎತ್ತರ ಇದ್ದರೆ ಜಾಸ್ತಿ ದೂರ ವಾಲಿಯೂ ವಾಪಸ್ ಬರುತ್ತದೆ. ಇಲ್ಲಿ ನಿಜವಾಗಿ ಕಾಯುವುದು ತಳವಲ್ಲ, ನೀರಿನಿಂದ ಅಂಚಿನವರೆಗೆ ಉಳಿದಿರುವ ಬದಿಯ ಎತ್ತರ. 14 ಅಡಿಯ ಇಂಥ ದೋಣಿಗಳಲ್ಲಿ ಬದಿಯನ್ನು ಸಾಮಾನ್ಯವಾಗಿ ತಗ್ಗಾಗಿಯೇ ಮಾಡುತ್ತಾರೆ, ಬಲೆ ಎಳೆಯಲು ಸುಲಭ ಅಂತ.

ಇದಕ್ಕಿಂತ ದೊಡ್ಡ ಅಪಾಯ ಒಳಗೆ ಸೇರುವ ನೀರು. ಚಪ್ಪಟೆ ದೋಣಿಯ ನೆಲ 4 ಮೀಟರ್ ಉದ್ದ, 1.2 ಮೀಟರ್ ಅಗಲ ಅಂತಿಟ್ಟುಕೊಳ್ಳಿ. ಅದರಲ್ಲಿ ಬರೀ 3 ಸೆಂ.ಮೀ. ನೀರು ನಿಂತರೆ 144 ಲೀಟರ್. ಅಂದರೆ ಇನ್ನಿಬ್ಬರು ಹತ್ತಿದ ಹಾಗೆ. ಹತ್ತಿದವರಾದರೂ ಹೇಳಿದ ಕಡೆ ಕೂರುತ್ತಾರೆ. ನೀರು ಹಾಗಲ್ಲ. ದೋಣಿ ಯಾವ ಕಡೆ ವಾಲಿತೋ ಅದೇ ಕಡೆ ಅಷ್ಟೂ ನೀರು ಓಡುತ್ತದೆ. ಪಾದ ಮುಳುಗುವಷ್ಟು ನೀರು ತಾನೆ, ದಡಕ್ಕೆ ಹೋಗಿ ತೋಡಿದರಾಯ್ತು ಅಂತ ಬಿಟ್ಟ ದೋಣಿಗಳೇ ಅಳಿವೆಯಲ್ಲಿ ಮಗುಚುವುದು. ನಡುವೆ ತಗ್ಗಿರುವ ತಳದಲ್ಲಿ ಅದೇ ನೀರು ಮಧ್ಯಕ್ಕೆ ಬಂದು ನಿಲ್ಲುತ್ತದೆ, ತೋಡುವುದೂ ಸುಲಭ. ಕಾರವಾರದ ಹಳೆಯ ಪಾತಿ ದೋಣಿ ಇಷ್ಟು ಕಿರಿದಾಗಿದ್ದೂ ಸಮುದ್ರಕ್ಕೆ ಹೋಗಿ ಬರುತ್ತಿದ್ದುದು ಹೇಗೆ ಅಂತ ಕೇಳುತ್ತಾರೆ. ಅದಕ್ಕೆ ಒಂದು ಬದಿ ತೇಲುಮರ ಕಟ್ಟಿರುತ್ತದೆ. ವಾಲಿಕೆಯನ್ನು ತಡೆಯುವುದು ಆ ಮರ, ತಳದ ಅಗಲವಲ್ಲ.

ಅಲೆಯ ಮಾತೂ ಇದೆ. ನವೆಂಬರಿನಿಂದ ಮೇವರೆಗೆ ನಮ್ಮ ಕರಾವಳಿಯಲ್ಲಿ ಬೆಳಗಿನ ಜಾವ ನೆಲದ ಕಡೆಯಿಂದ ಮೆಲ್ಲನೆ ಗಾಳಿ, ಕೊಲ್ಲಿ ಕನ್ನಡಿ. ಮಧ್ಯಾಹ್ನದ ಹೊತ್ತಿಗೆ ಪಡುವಣ ಗಾಳಿ ಏಳುತ್ತದೆ, ಗಿಡ್ಡ ಗಿಡ್ಡ ಅಲೆ ಒಂದರ ಹಿಂದೆ ಒಂದು. ಚಪ್ಪಟೆ ತಳ ಪ್ರತಿ ಅಲೆಗೂ ಧಡ್ ಅಂತ ಬಡಿಯುತ್ತದೆ. ಸೊಂಟ ಹಿಡಿಯುವುದು ಒಂದು ಕಡೆ, ಫೈಬರಿನ ಪದರಗಳು ಬಿಡುವುದು ಇನ್ನೊಂದು ಕಡೆ.

ಅಮೆರಿಕದ ದೋಣಿ ಅಲ್ಲಿ ಯಾಕೆ ಸರಿ

ನಿಮಗೆ ಇಷ್ಟವಾಗಿರುವ ಸುರಂಗ ತಳದ ದೋಣಿ ತಪ್ಪು ದೋಣಿಯಲ್ಲ. ಅದು ಬೆಳೆದ ನೀರೇ ಬೇರೆ. ಟೆಕ್ಸಸ್‌ನ ಲಗೂನಾ ಮಾದ್ರೆ ಅಂತ ಇದೆ. ಸಮುದ್ರಕ್ಕೂ ಅದಕ್ಕೂ ನಡುವೆ ಪಾದ್ರೆ ದ್ವೀಪ ಉದ್ದಕ್ಕೂ ಗೋಡೆ ಕಟ್ಟಿದ ಹಾಗೆ ಮಲಗಿದೆ. ಒಳಗೆ ಸರಾಸರಿ ಒಂದು ಮೀಟರ್ ಆಸುಪಾಸು ನೀರು. ಉಬ್ಬರ ಇಳಿತದ ವ್ಯತ್ಯಾಸ ಒಂದು ಅಡಿಗೂ ಕಡಿಮೆ. ಅಂದರೆ ಬೆಳಿಗ್ಗೆ ಕಾದರೂ ಸಂಜೆ ಕಾದರೂ ಅವರಿಗೆ ನೀರು ಏರುವುದಿಲ್ಲ. ದೊಡ್ಡ ಸಮುದ್ರದ ಅಲೆಯೂ ಒಳಗೆ ಬರುವುದಿಲ್ಲ. ಹಾಗಾಗಿ ಅವರು ದೋಣಿಯ ತಳವನ್ನೇ ಕೊರೆದು ಫ್ಯಾನು ಮೇಲಕ್ಕೆ ಎತ್ತಿದರು, ದೊಡ್ಡ ಇಂಜಿನ್ ಹಾಕಿ ನೀರಿನ ಮೇಲೆ ಜಾರಿಸಿದರು.

ಆ ವಿಡಿಯೊಗಳಲ್ಲಿ ದೋಣಿ ಪಾದ ಮುಳುಗುವ ನೀರಲ್ಲಿ ಹಾರುತ್ತಾ ಹೋಗುವುದನ್ನು ತೋರಿಸುತ್ತಾರೆ. ಅದು ಓಡುತ್ತಿರುವಾಗ ನಿಜ. ನಿಂತಲ್ಲಿಂದ ಎದ್ದು ಜಾರಲು ಶುರುಮಾಡುವಾಗ ಅದೇ ದೋಣಿಗೆ ಬಹಳ ಜಾಸ್ತಿ ನೀರು ಬೇಕು, ಯಾಕಂದರೆ ಆಗ ಹಿಂಭಾಗ ಕೂರುತ್ತದೆ. ನೀವು ಬಲೆ ಹಾಕಲು ನಿಲ್ಲಲೇಬೇಕು. ಇನ್ನು ಸುರಂಗ ಕೊರೆದಷ್ಟೂ ಹಿಂಭಾಗದಲ್ಲಿ ತೇಲಿಸುವ ಜಾಗ ಕಡಿಮೆಯಾಗುತ್ತದೆ, ಭಾರ ಇರುವುದೂ ಅಲ್ಲೇ. ಹಿಂದಕ್ಕೆ ಬಿಡುವಾಗ, ಜೋರಾಗಿ ತಿರುಗಿಸುವಾಗ ಫ್ಯಾನು ಗಾಳಿ ಎಳೆದುಕೊಂಡು ಸುಮ್ನೆ ಕಿರುಚುತ್ತದೆ, ದೋಣಿ ಕದಲುವುದಿಲ್ಲ. ಕಲ್ಲಿನ ಹತ್ತಿರ ಹಾಗಾದರೆ ಏನು ಗತಿ? ನೀರು ಹೀರಿ ಹಿಂದಕ್ಕೆ ಚಿಮ್ಮಿಸುವ ಜೆಟ್ ಇಂಜಿನ್ ಬಗ್ಗೆಯೂ ಯಾರಾದರೂ ಹೇಳಿಯಾರು. ಫ್ಯಾನೇ ಇಲ್ಲ, ನಿಜ. ಆದರೆ ಶಕ್ತಿಯ ಸುಮಾರು ಮೂರನೇ ಒಂದು ಪಾಲು ಅದರಲ್ಲೇ ಹೋಗುತ್ತದೆ. ಮರಳು, ಚಿಪ್ಪು, ಪ್ಲಾಸ್ಟಿಕ್ ಚೀಲ ಎಲ್ಲವನ್ನೂ ಹೀರಿಕೊಳ್ಳುತ್ತದೆ. ಕಾಳಿ ಅಳಿವೆಗೆ ಅದು ಬೇಡ.

40 ಎಚ್‌ಪಿಗೆ ಇನ್ನೊಂದು ತೊಡಕು ಕಾನೂನಿನದ್ದು. ನಮ್ಮಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಮೀನುಗಾರಿಕೆ ನಿಷೇಧ ಇರುತ್ತದೆ. ಯಾಂತ್ರೀಕೃತ ದೋಣಿಗಳ ಜೊತೆಗೆ 10 ಎಚ್‌ಪಿಗಿಂತ ಜಾಸ್ತಿ ಇಂಜಿನ್ ಇರುವ ನಾಡದೋಣಿಗಳಿಗೂ ಅದು ಅನ್ವಯ. 9.9 ಇಂಜಿನ್ನಿಗೆ ನಮ್ಮ ಕಡೆ ಇಷ್ಟು ಬೇಡಿಕೆ ಇರುವುದಕ್ಕೆ ಇದೂ ಒಂದು ಕಾರಣ. ವರ್ಷಕ್ಕೆ ಎರಡು ತಿಂಗಳು ದೋಣಿ ದಡದಲ್ಲಿ ಇಡಬೇಕೋ ಬೇಡವೋ ಅನ್ನುವುದು ನಿಮ್ಮ ದುಡಿಮೆಯ ಲೆಕ್ಕದಲ್ಲಿ ಸಣ್ಣದಲ್ಲ. ಆದರೆ ಒಂದು ಮಾತು ನೆನಪಿರಲಿ. 9.9ಕ್ಕೆ ಅನುಮತಿ ಇದೆ ಅಂದರೆ ಜೂನ್‌ನಲ್ಲಿ ಅಳಿವೆ ಬಾಯಿ ದಾಟಬಹುದು ಅಂತ ಅರ್ಥವಲ್ಲ. ಮಳೆಗಾಲದಲ್ಲಿ ಒಳಗಿನ ಹೊಳೆಯಲ್ಲಷ್ಟೇ ಇರಿ. ಆಗಲೂ ಕದ್ರಾ ಅಣೆಕಟ್ಟೆಯಿಂದ ನೀರು ಬಿಟ್ಟ ಸುದ್ದಿ ಬಂದರೆ ದೋಣಿ ಇಳಿಸಬೇಡಿ. ಸೆಳೆತದ ಜೊತೆ ಮರದ ದಿಮ್ಮಿಗಳೂ ಬರುತ್ತವೆ.

ಹತ್ತು ಎಚ್‌ಪಿಗೆ ತಕ್ಕ ಆಕಾರ

ಇಲ್ಲಿಂದ ನೋಡಿದರೆ ಎರಡನೆಯ ದೋಣಿ ಯಾಕೆ ಅನ್ನುವುದು ಗೊತ್ತಾಗುತ್ತದೆ. ದೋಣಿ ನೀರಿನ ಮೇಲೆ ಎದ್ದು ಜಾರಬೇಕಾದರೆ ಸ್ಥೂಲವಾಗಿ ಒಂದು ಎಚ್‌ಪಿಗೆ 25 ಕೆಜಿಗಿಂತ ಜಾಸ್ತಿ ಭಾರ ಇರಬಾರದು. 10 ಎಚ್‌ಪಿಗೆ 250 ಕೆಜಿ. ನಿಮ್ಮ ದೋಣಿ, ಹೊರೆ ಸೇರಿ 550ರಿಂದ 630. ಅಂದರೆ ನಿಮ್ಮ ದೋಣಿ ಯಾವತ್ತೂ ಜಾರುವುದಿಲ್ಲ, ನೀರನ್ನು ಸೀಳಿಕೊಂಡೇ ಹೋಗಬೇಕು. ಚಪ್ಪಟೆ ಅಗಲ ತಳ ಹುಟ್ಟಿದ್ದೇ ಜಾರುವುದಕ್ಕೆ. ಅದನ್ನು ಸಣ್ಣ ಇಂಜಿನ್ನಿನಲ್ಲಿ ನೂಕಿದರೆ ಮೂತಿ ಎದ್ದು, ಹಿಂಭಾಗ ಕೂತು, ಎಣ್ಣೆ ಕುಡಿಯುತ್ತಾ ಹೋಗುತ್ತದೆ.

ಸೀಳಿಕೊಂಡು ಹೋಗುವ ದೋಣಿಗೆ ವೇಗ ಕೊಡುವುದು ಉದ್ದ. ನೀರಿನ ಮಟ್ಟದಲ್ಲಿ ಹದಿಮೂರೂವರೆ ಅಡಿ ಉದ್ದ ಇರುವ ದೋಣಿ ಗಂಟೆಗೆ 9 ಕಿ.ಮೀ. ದಾಟಲು ಒದ್ದಾಡುತ್ತದೆ. ಹದಿನೆಂಟೂವರೆ ಅಡಿಯದ್ದು ಹತ್ತೂವರೆ ಕಿ.ಮೀ.ವರೆಗೆ ಆರಾಮಾಗಿ ಹೋಗುತ್ತದೆ. ಉದ್ದ, ಸಪೂರ ದೋಣಿಗೆ ಹುಟ್ಟು ಹಾಕುವುದೂ ಸುಲಭ. ಇಂಜಿನ್ ಕೈಕೊಟ್ಟ ದಿನ ಕೂರ್ಮಗಡದಿಂದ ದಡಕ್ಕೆ ಹುಟ್ಟು ಹಾಕಿಕೊಂಡು ಬರಬೇಕಾಗುತ್ತದೆ ಅನ್ನುವುದನ್ನು ಮರೆಯಬೇಡಿ. ನಮ್ಮ ಕಡಲಿನವರು ಮಾವಿನ ಮರ ಕೊರೆದು ದೋಣಿ ಮಾಡುತ್ತಿದ್ದ ಕಾಲದಿಂದ ಇದೇ ಆಕಾರ ಇಟ್ಟುಕೊಂಡು ಬಂದಿದ್ದಕ್ಕೆ ಕಾರಣ ಇದೆ. ಫೈಬರ್ ಬಂದ ಮೇಲೂ ಆಕಾರ ಬದಲಾಗಲಿಲ್ಲ, ಯಾಕಂದರೆ ನೀರು ಬದಲಾಗಿಲ್ಲ.

ಇಷ್ಟೆಲ್ಲ ಹೇಳಿದ್ದು ಒಂದೇ ಸನ್ನಿವೇಶಕ್ಕಾಗಿ. ಮಧ್ಯಾಹ್ನ ಹನ್ನೆರಡೂವರೆ. ಮೀನು ಚೆನ್ನಾಗಿ ಸಿಕ್ಕಿದೆ, ಬಲೆ ಒದ್ದೆ, ದೋಣಿ ತುಂಬಿದೆ. ನೀವು ಪೂರ್ವಕ್ಕೆ, ಅಳಿವೆ ಕಡೆ ಬರುತ್ತಿದ್ದೀರಿ. ಗಾಳಿ ಪಡುವಣದಿಂದ, ನಿಮ್ಮ ಬೆನ್ನಿಗೆ. ಹೊಳೆಯಲ್ಲಿ ಇಳಿತ, ನೀರು ಹೊರಗೆ ಓಡುತ್ತಿದೆ. ಒಳಗೆ ಬರುವ ಅಲೆ ಎದುರಿಗೆ ಬರುವ ಸೆಳೆತಕ್ಕೆ ಸಿಕ್ಕಿ ಗಿಡ್ಡವಾಗಿ, ಕಡಿದಾಗಿ ನಿಲ್ಲುತ್ತದೆ. ಅರ್ಧ ಮೀಟರ್ ಅಲೆ ಹೊರಗೆ ಏನೂ ಅಲ್ಲ. ಅಳಿವೆ ಬಾಯಲ್ಲಿ, ದಿಣ್ಣೆ ಮೇಲೆ, ಇಳಿತದಲ್ಲಿ ಅದೇ ಅಲೆ ಮುರಿಯುತ್ತದೆ. ಅದು ಹಿಂಭಾಗವನ್ನು ಎತ್ತುತ್ತದೆ, ಮೂತಿ ತಗ್ಗುತ್ತದೆ, ದೋಣಿ ಅಡ್ಡ ತಿರುಗಲು ನೋಡುತ್ತದೆ. ಅಡ್ಡ ತಿರುಗಿದ ಮೇಲೆ ಮುಂದಿನ ಅಲೆ ನೇರ ಒಳಗೆ. ಕರಾವಳಿಯ ಸಣ್ಣ ದೋಣಿ ಅವಘಡಗಳಲ್ಲಿ ನಾನು ಪದೇ ಪದೇ ಕಂಡಿರುವುದು ಇದನ್ನೇ. ತಳಕ್ಕೆ ನೀರು ಕಡಿಮೆಯಾಗಿ ಯಾರೂ ಸತ್ತಿಲ್ಲ.

ಹಾಗಾಗಿ ತುಂಬಿದ ದೋಣಿಯಲ್ಲಿ ನಡುಭಾಗದಲ್ಲಿ ಅಂಚಿನವರೆಗೆ 45 ಸೆಂ.ಮೀ. ಬದಿ ಉಳಿಯಬೇಕು. ಇದು ನಾನು ಕೊಲ್ಲಿಗೆ ಹೋಗುವವರಿಗೆ ಹೇಳುವ ಅಳತೆ. ಹೊಳೆಯಲ್ಲೇ ಇರುವವರಿಗೆ 30 ಸಾಕು. ಹಿಂಭಾಗ ಇನ್ನೂ ಮುಖ್ಯ. ಇಂಜಿನ್ ಕೂರಿಸಲು ಹಿಂಬದಿ ಹಲಗೆಯನ್ನು ತಗ್ಗಿಸಿ ಕತ್ತರಿಸಿರುತ್ತಾರೆ. ಶಾಫ್ಟ್ ಅಂದರೆ ಇಂಜಿನ್ನಿನಿಂದ ಫ್ಯಾನಿಗೆ ಇಳಿಯುವ ದಂಡ. ಗಿಡ್ಡ ಶಾಫ್ಟಿನ ಇಂಜಿನ್ನಿಗೆ ಅಲ್ಲಿ ಹಲಗೆಯ ಎತ್ತರ ತಳದಿಂದ 15 ಇಂಚು, ಉದ್ದ ಶಾಫ್ಟಿಗೆ 20. 15 ಇಂಚಿನದ್ದಾದರೆ ಬೆನ್ನಿಗೆ ಬರುವ ಅಲೆ ಅಲ್ಲಿಂದಲೇ ಒಳಗೆ ಬರುತ್ತದೆ. ಅಂಥ ದೋಣಿಗೆ ಇಂಜಿನ್ನಿನ ಮುಂದೆ ಒಂದು ಅಡ್ಡಗೋಡೆ ಕಟ್ಟಿಸಿ, ಅಲ್ಲಿಗೆ ಬಂದ ನೀರು ಹೊರಗೇ ಹರಿದುಹೋಗುವ ಹಾಗೆ ಎರಡು ತೂತು ಬಿಡಿಸಿ. ಇಂಜಿನ್ ಬದಲಿಸುವುದಾದರೆ ಹಲಗೆಗೆ ಹೊಂದುವ ಶಾಫ್ಟೇ ಇರಲಿ. ತಗ್ಗು ಹಲಗೆಗೆ ಉದ್ದ ಶಾಫ್ಟ್ ಹಾಕಿದರೆ ಫ್ಯಾನು ಐದು ಇಂಚು ಸುಮ್ನೆ ಕೆಳಗೆ ಹೋಗುತ್ತದೆ. ನೀವು ಹುಡುಕುತ್ತಿದ್ದ ಐದು ಇಂಚು ಅದೇ.

ಹಳೇ ದೋಣಿ ನೋಡುವುದು ಹೇಗೆ

ಫೈಬರ್‌ಗೆ ಏನೂ ಆಗುವುದಿಲ್ಲ ಅನ್ನುವುದು ನಮ್ಮ ಕಡೆಯ ದೊಡ್ಡ ನಂಬಿಕೆ. ಮರದ ಹಾಗೆ ಹುಳ ಹಿಡಿಯುವುದಿಲ್ಲ, ನಿಜ. ಆದರೆ ಮೇಲಿನ ನುಣುಪು ಪದರ ಮರಳಿಗೆ, ಕಲ್ಲಿಗಂಟಿದ ಚಿಪ್ಪಿಗೆ ಉಜ್ಜಿ ಹೋದ ಮೇಲೆ ಒಳಗಿನ ನಾರು ನೀರು ಹೀರಲು ಶುರುಮಾಡುತ್ತದೆ. ದೋಣಿ ವರ್ಷದಿಂದ ವರ್ಷಕ್ಕೆ ಭಾರವಾಗುತ್ತದೆ, ಭಾರವಾದಷ್ಟೂ ಮುಳುಗುತ್ತದೆ. ಕಡಿಮೆ ನೀರಲ್ಲಿ ಓಡುವ ದೋಣಿಗೆ ಈ ಉಜ್ಜಾಟ ಇನ್ನೂ ಜಾಸ್ತಿ, ಅಲ್ವಾ?

ಮೊದಲು ಒಂದು ಟೆಂಪೊದಲ್ಲಿ ಹಾಕಿ ವೇ ಬ್ರಿಡ್ಜ್‌ಗೆ ಒಯ್ಯಿರಿ. ಇಂಜಿನ್ ಇಲ್ಲದ ದೋಣಿಯ ತೂಕ ನೋಡಿ. ಮಾಡಿದವರಿಗೆ ಹೊಸದರ ತೂಕ ಗೊತ್ತಿರುತ್ತದೆ, ಕೇಳಿ. 30, 40 ಕೆಜಿ ಜಾಸ್ತಿ ಬಂದರೆ ನೀರು ಕುಡಿದಿದೆ ಅಂತಲೇ ಅರ್ಥ, ಇಲ್ಲವೇ ತೇಪೆ ಮೇಲೆ ತೇಪೆ ಬಿದ್ದಿದೆ. ಆಮೇಲೆ ದೋಣಿ ಮಗುಚಿ ಹಾಕಿ ಸುತ್ತಿಗೆಯ ಮರದ ಹಿಡಿಯಿಂದ ತಳವನ್ನು ಇಂಚಿಂಚೂ ಬಡಿಯುತ್ತಾ ಹೋಗಿ. ಗಟ್ಟಿ ಇರುವ ಕಡೆ ಟಣ್ ಅನ್ನುತ್ತದೆ. ಪದರ ಬಿಟ್ಟಿರುವ ಕಡೆ ಶಬ್ದ ಸತ್ತುಹೋಗುತ್ತದೆ. ಅಲ್ಲಿ ಚಾಕ್‌ಪೀಸಿನಲ್ಲಿ ಗೆರೆ ಎಳೆಯಿರಿ. ಗೆರೆ ಹಾಕಿದ ಜಾಗ ಅಂಗೈಯಷ್ಟಿದ್ದರೆ ದುರಸ್ತಿ ಮಾಡಿಸಬಹುದು. ತಳದುದ್ದಕ್ಕೂ ಇದ್ದರೆ ಬಿಟ್ಟುಬಿಡಿ, ಎಷ್ಟೇ ಕಡಿಮೆಗೆ ಕೊಟ್ಟರೂ ಬೇಡ.

ಹಿಂಬದಿ ಹಲಗೆಯನ್ನು ಜಾಸ್ತಿ ಹೊತ್ತು ನೋಡಿ. ಹೊರಗೆ ಫೈಬರ್ ಕಂಡರೂ ಒಳಗೆ ಪ್ಲೈವುಡ್ ಇರುತ್ತದೆ. ಬೋಲ್ಟಿನ ತೂತುಗಳಿಂದ ನೀರು ಇಳಿದು ಅದು ಒಳಗೊಳಗೇ ಕೊಳೆಯುತ್ತದೆ. ಇಂಜಿನ್ ಇರುವಾಗಲೇ ಅದನ್ನು ಅರ್ಧ ಎತ್ತಿ, ಫ್ಯಾನಿನ ಕಡೆ ಹಿಡಿದು ಮೇಲೆ ಕೆಳಗೆ ಜಗ್ಗಿ. ಹಲಗೆ ಬಾಗಿದರೆ, ಮೂಲೆಯಲ್ಲಿ ಬಿರುಕು ಬಾಯಿ ಬಿಟ್ಟರೆ, ಬೋಲ್ಟಿನ ಕೆಳಗೆ ಕಂದು ನೀರಿನ ಕಲೆ ಇದ್ದರೆ ಹಲಗೆ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಕೊನೆಗೆ ನೀರಿನ ಪರೀಕ್ಷೆ. ಮನೆಗೆ ಕುಡಿಯುವ ನೀರು ಬರುವ 20 ಲೀಟರಿನ ಕ್ಯಾನ್ ಇರುತ್ತದಲ್ಲ, ಅಂಥದ್ದು ಹನ್ನೊಂದು ತುಂಬಿಸಿಕೊಂಡು ಹೋಗಿ. ಅದು 220 ಕೆಜಿ. ಎಣ್ಣೆ, ಬಲೆ, ಪೆಟ್ಟಿಗೆ, ಮೀನು ಇರುವ ಕಡೆಗೆ ಹಂಚಿ ಇಡಿ. ಇಂಜಿನ್ ಹಾಕಿ, ನೀವಿಬ್ಬರೂ ಹತ್ತಿ. ಮೂರನೆಯವರೊಬ್ಬರು ಹೊರಗೆ ನಿಂತು ನೀರಿನ ಮಟ್ಟಕ್ಕೆ ಗೆರೆ ಹಾಕಲಿ. ಗೆರೆಯಿಂದ ಅಂಚಿಗೆ ಎಷ್ಟು, ಗೆರೆಯಿಂದ ಹಿಂಬದಿ ಹಲಗೆಯ ತಗ್ಗಿಗೆ ಎಷ್ಟು, ಎರಡನ್ನೂ ಟೇಪಿನಲ್ಲಿ ಅಳೆಯಿರಿ. ಆಮೇಲೆ ಇಬ್ಬರೂ ಒಂದೇ ಬದಿಗೆ ಬಂದು ಬಲೆ ಎಳೆಯುವ ಹಾಗೆ ಬಗ್ಗಿ. ಆಗಲೂ ಅಂಚು ನೀರಿನಿಂದ ಒಂದು ಗೇಣು ಮೇಲಿರಬೇಕು. ಮಾರುವವರು ಇದಕ್ಕೆ ಒಪ್ಪದಿದ್ದರೆ ನಿಮಗೆ ಉತ್ತರ ಸಿಕ್ಕ ಹಾಗೆಯೇ.

ಕೊಂಡ ಮೇಲೆ ಎರಡು ಕೆಲಸ ಮಾಡಿಸಿ. ತಳದ ನಡುಗೆರೆಗೆ ಎರಡು ಪದರ ಹೆಚ್ಚುವರಿ ಫೈಬರ್ ಎಳೆಸಿ. ಮರಳಿಗೆ ಉಜ್ಜುವುದು ಅದೇ ಜಾಗ. ಎರಡನೆಯದು ತೇಲುವ ಫೋಮ್. ಫೈಬರ್ ನೀರಿಗಿಂತ ಭಾರ, ಹಾಗಾಗಿ ಏನೂ ಇಲ್ಲದ ದೋಣಿ ತುಂಬಿದರೆ ತಳ ಸೇರುತ್ತದೆ. 220 ಕೆಜಿಯ ಫೈಬರ್ ದೋಣಿ ನೀರೊಳಗೆ 70 ಕೆಜಿಯಷ್ಟು ತೂಗುತ್ತದೆ, ಇಂಜಿನ್ ಇನ್ನೊಂದು 35. ಹಿಡಿದುಕೊಂಡು ನೇತಾಡುವ ಇಬ್ಬರಿಗೂ ಸೇರಿಸಿ 200 ಲೀಟರಿನಷ್ಟು ಫೋಮ್ ಇದ್ದರೆ ನಿಶ್ಚಿಂತೆ. ನೀರು ಹೀರದ ಜಾತಿಯದ್ದೇ ಆಗಬೇಕು. ಅದನ್ನು ನೆಲದ ಕೆಳಗೆ ತುಂಬಿಸಬೇಡಿ, ಎರಡೂ ಬದಿ ಅಂಚಿನ ಕೆಳಗೆ ಕೂರಿಸಿ. ನೆಲದ ಕೆಳಗಿದ್ದರೆ ತುಂಬಿದ ದೋಣಿ ಬೆನ್ನು ಮೇಲೆ ಮಾಡಿ ತೇಲುತ್ತದೆ. ಅಂಚಿನಲ್ಲಿದ್ದರೆ ನೆಟ್ಟಗೆ ತೇಲುತ್ತದೆ, ನೀವು ಒಳಗೇ ಕೂತು ನೀರು ತೋಡಬಹುದು. ಲೈಫ್ ಜಾಕೆಟ್ ಬಗ್ಗೆ ಬೇರೆ ಹೇಳಬೇಕಿಲ್ಲ. ಪೆಟ್ಟಿಗೆಯಲ್ಲಲ್ಲ, ಮೈಮೇಲೆ.

ಇಂಜಿನ್ ತಣ್ಣಗಾಗಲು ಹೊಳೆಯ ನೀರನ್ನೇ ಎಳೆಯುತ್ತದೆ. ದಿಣ್ಣೆ ಮೇಲೆ ಓಡಿಸಿದರೆ ಮರಳು ಸೇರಿ ಒಳಗಿನ ರಬ್ಬರ್ ಪಂಪ್ ಸವೆಯುತ್ತದೆ. ಹಿಂದಿನಿಂದ ಚಿಮ್ಮುವ ಸಣ್ಣ ನೀರಿನ ಧಾರೆ ಮೇಲೆ ಸದಾ ಕಣ್ಣಿರಲಿ. ಅದು ತೆಳ್ಳಗಾದರೆ ತಕ್ಷಣ ನಿಲ್ಲಿಸಿ. ಫ್ಯಾನು ಅಲ್ಯುಮಿನಿಯಮ್ಮಿನದ್ದೇ ಇರಲಿ. ಸ್ಟೀಲಿನದ್ದು ಕಲ್ಲಿಗೆ ಬಡಿದರೆ ಪೆಟ್ಟು ಗೇರಿಗೆ ಹೋಗುತ್ತದೆ.

ದೋಣಿ ಅಲ್ಯುಮಿನಿಯಂನಲ್ಲಿ ಮಾಡಿಸಬಹುದಾ ಅಂತ ಕೆಲವರು ಕೇಳುತ್ತಾರೆ. ಒಳ್ಳೆಯ ವಸ್ತುವೇ. ಆದರೆ ಸಮುದ್ರಕ್ಕೆ ತಕ್ಕ ದರ್ಜೆಯ ತಗಡು, ಅದನ್ನು ಬೆಸೆಯಲು ಬರುವ ಕೈ ಎರಡೂ ಹತ್ತಿರದಲ್ಲಿ ಸಿಗಬೇಕು. ಸ್ಟೀಲ್ ಬೋಲ್ಟು ತಾಗಿದಲ್ಲಿ ಉಪ್ಪುನೀರಿಗೆ ತಿಂದುಹೋಗುತ್ತದೆ. ಕಾರವಾರದಲ್ಲಿ ಫೈಬರ್ ತೇಪೆ ಹಾಕುವವರು ಸುಲಭವಾಗಿ ಸಿಗುತ್ತಾರೆ. ಫೈಬರ್ ಆರಿಸಲು ಅಷ್ಟು ಸಾಕು.

ಹಣ ಕೊಡುವ ಮೊದಲು ದೋಣಿ ಯಾರ ಹೆಸರಲ್ಲಿ ನೋಂದಣಿ ಆಗಿದೆ ನೋಡಿ, ನಿಮ್ಮ ಹೆಸರಿಗೆ ವರ್ಗಾವಣೆ ಆಗುತ್ತದೆಯೇ ಅಂತ ಮೀನುಗಾರಿಕೆ ಇಲಾಖೆ ಕಚೇರಿಯಲ್ಲಿ ಕೇಳಿ. ನೋಂದಣಿ ಇಲ್ಲದ ದೋಣಿಗೆ ಸರ್ಕಾರದ ಸವಲತ್ತು ಯಾವುದೂ ಸಿಗುವುದಿಲ್ಲ. ಹೊಸದನ್ನೇ ಮಾಡಿಸುವ ಯೋಚನೆ ಬಂದರೆ 2020ರಲ್ಲಿ ಶುರುವಾದ ಮತ್ಸ್ಯಸಂಪದಾ ಯೋಜನೆಯ ಬಗ್ಗೆಯೂ ಅಲ್ಲೇ ವಿಚಾರಿಸಿ. ಅದರ ನಿಯಮದಲ್ಲಿ ಸಾಮಾನ್ಯ ವರ್ಗಕ್ಕೆ ಶೇ 40, ಮಹಿಳೆಯರಿಗೆ ಮತ್ತು ಪರಿಶಿಷ್ಟರಿಗೆ ಶೇ 60 ಸಹಾಯಧನ ಇಟ್ಟಿದ್ದರು. ಇಂಥ ಯೋಜನೆಗಳಲ್ಲಿ ಕೊಂಡ ಮೇಲೆ ಅರ್ಜಿ ಹಾಕಿದರೆ ಪ್ರಯೋಜನವಿಲ್ಲ, ಮೊದಲೇ ಹಾಕಬೇಕು. ಹಾಗೆಯೇ ಅರ್ಗಾ ಕಡೆ ನೌಕಾನೆಲೆಯ ಗಡಿ ಎಲ್ಲಿಂದ ಶುರು ಅನ್ನುವುದನ್ನು ಭಾವನಿಗೂ ತೋರಿಸಿಡಿ. ಕಾಳಿಯ ಹಳೇ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದಿದ್ದು ನಿಮಗೆ ಗೊತ್ತೇ ಇದೆ. ಅಲ್ಲಿ ಯಾವ ಕಂಬಗಳ ನಡುವೆ ಹಾಯಬೇಕು ಅಂತ ದಿನಾ ಹೋಗುವವರನ್ನು ಕೇಳಿ. ಪ್ರತಿ ಮಳೆಗಾಲ ಕಳೆದ ಮೇಲೂ ದಿಣ್ಣೆಗಳು ಜಾಗ ಬದಲಿಸಿರುತ್ತವೆ. ಸೆಪ್ಟೆಂಬರಿನಲ್ಲಿ ಒಂದು ಅಮಾವಾಸ್ಯೆಯ ಇಳಿತಕ್ಕೆ ಅಲ್ಲಿನ ಹಿರಿಯರೊಬ್ಬರನ್ನು ಕೂರಿಸಿಕೊಂಡು, ಇಂಜಿನ್ ಎತ್ತಿ, ಗಳ ಹಾಕುತ್ತಾ ದಾರಿ ನೋಡಿಕೊಂಡು ಬನ್ನಿ.

ಕ್ಯಾನ್ ಪರೀಕ್ಷೆ ಮಾಡಿದ ಮೇಲೆ ಆ ಎರಡು ಅಳತೆ, ವೇ ಬ್ರಿಡ್ಜಿನ ತೂಕ, ಹಿಂಬದಿ ಹಲಗೆಯ ಒಳಮೈ ಹೊರಮೈ ಎರಡರ ಫೋಟೊ ನನಗೆ ಕಳಿಸಿ. ಹಣ ಕೊಡುವುದು ಅದಾದ ಮೇಲೆ ಇರಲಿ.